ಆ್ಯಪ್ ಮುಗಿಯಿತು, ಬಾಯಿ ತೆರೆಯಲಿಲ್ಲ: ಜರ್ಮನ್ ಕಲಿಯ ಹೊರಟ ನರ್ಸ್ ಒಬ್ಬಳ ಪ್ರಕರಣ

ಹಿನ್ನೆಲೆ

ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಸ್ಟಾಫ್ ನರ್ಸ್ ಒಬ್ಬಳು ಶಿಫ್ಟ್ ಡ್ಯೂಟಿಯ ನಡುವೆ ಫೋನಿನಲ್ಲೇ ಜರ್ಮನ್ ಕಲಿಯಲು ಹೊರಟ ಪ್ರಕರಣ ಇದು. ಆಕೆಯನ್ನು ಇಲ್ಲಿ ಸುಮಾ ಎನ್ನುತ್ತೇನೆ. ಅದು ಆಕೆಯ ಹೆಸರಲ್ಲ. ಊರು, ಮನೆಯ ವಿವರ, ಆಸ್ಪತ್ರೆಯ ಸುಳಿವು ಎಲ್ಲವನ್ನೂ ಗುರುತು ಸಿಗದಷ್ಟು ಬದಲಿಸಿದ್ದೇನೆ. ಬರೆದದ್ದನ್ನು ಆಕೆಗೆ ಓದಲು ಕೊಟ್ಟು ಒಪ್ಪಿಗೆಯನ್ನೂ ಪಡೆದಿದ್ದೇನೆ. ಭಾನುವಾರಗಳಂದು ಜರ್ಮನ್ ಕಲಿಯುವ ದೊಡ್ಡವರಿಗೆ ಮಾತಿನ ಅಭ್ಯಾಸ ಮಾಡಿಸುವುದು ನನ್ನ ರೂಢಿ. ಸುಮಾ ನನ್ನ ಬಳಿ ಬರುವ ಹೊತ್ತಿಗೆ ಈ ಕತೆ ಅರ್ಧ ನಡೆದಿತ್ತು. ಮೊದಲರ್ಧವನ್ನು ಆಕೆಯ ಬಾಯಿಂದಲೂ ಆಕೆಯ ಫೋನಿನಲ್ಲಿ ಉಳಿದಿದ್ದ ಲೆಕ್ಕಗಳಿಂದಲೂ ಜೋಡಿಸಿದ್ದೇನೆ.

ಸುಮಾಗೆ ಆಗ ಮೂವತ್ತೊಂದು ವರ್ಷ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಎಸ್ಸಿ. ನರ್ಸಿಂಗ್, ಎಂಟು ವರ್ಷದ ಸರ್ವಿಸ್, ಅದರಲ್ಲಿ ಬಹುಪಾಲು ಸರ್ಜರಿ ವಾರ್ಡಿನಲ್ಲಿ. ಜೊತೆಯವಳೊಬ್ಬಳು ಜರ್ಮನಿಗೆ ಹೋಗಿ ಅಲ್ಲಿನ ಸಂಬಳದ ಲೆಕ್ಕ ಹೇಳಿದ ಮೇಲೆ ಆಕೆಗೂ ಆಸೆ ಹುಟ್ಟಿತು. ದಾರಿಗೆ ಅಡ್ಡ ನಿಂತದ್ದು ಭಾಷೆ. ಹೊರದೇಶದಲ್ಲಿ ಓದಿದ ನರ್ಸ್‌ಗೆ ಜರ್ಮನಿಯಲ್ಲಿ ಪೂರ್ತಿ ಮಾನ್ಯತೆ ಸಿಗಬೇಕಾದರೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಕೇಳುತ್ತಾರೆ. ಎ1ರಿಂದ ಸಿ2ರವರೆಗಿನ ಆರು ಮೆಟ್ಟಿಲುಗಳಲ್ಲಿ ಅದು ನಾಲ್ಕನೆಯದು. ಸೊನ್ನೆಯಿಂದ ಅಲ್ಲಿಗೆ ಹತ್ತಲು 45 ನಿಮಿಷದ ಪಾಠಗಳು 600ರಿಂದ 800 ಬೇಕಾಗುತ್ತವೆ ಎಂಬುದು ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗಯಟೆ ಸಂಸ್ಥೆ ಕೊಡುವ ಅಂದಾಜು.

ಕ್ಲಾಸಿಗೆ ಸೇರಬಹುದಿತ್ತಲ್ಲ ಎಂದು ಕೇಳುವವರಿಗೆ ನರ್ಸ್‌ಗಳ ಡ್ಯೂಟಿ ಚಾರ್ಟ್ ತೋರಿಸಬೇಕು. ಒಂದು ವಾರ ಬೆಳಗಿನ ಪಾಳಿ, ಮುಂದಿನ ವಾರ ಮಧ್ಯಾಹ್ನ, ಅದರ ಮುಂದೆ ನೈಟ್. ಯಾವ ಬ್ಯಾಚೂ ಇದಕ್ಕೆ ಹೊಂದುವುದಿಲ್ಲ. ಭಾಷೆಯನ್ನು ಉಚಿತವಾಗಿ ಕಲಿಸುತ್ತೇವೆ ಎನ್ನುವ ಏಜೆನ್ಸಿಯೊಂದನ್ನೂ ಸುಮಾ ವಿಚಾರಿಸಿದ್ದಳು. ನಡುವೆ ಬಿಟ್ಟರೆ ಇಷ್ಟು ದುಡ್ಡು ಕಟ್ಟಿಕೊಡಬೇಕು ಎಂಬ ಕರಾರು ಓದಿ ಹಿಂದೆ ಸರಿದಳು. ಉಳಿದದ್ದು ಫೋನು.

ಮೊದಲ ಹಂತ: ಲೀಗಿನಲ್ಲಿ ಮೇಲೆ, ಮಾತಿನಲ್ಲಿ ಕೆಳಗೆ

ಆಕೆ ಆರಿಸಿಕೊಂಡದ್ದು ಆಟದಂತೆ ಭಾಷೆ ಕಲಿಸುವ, ಬಹಳ ಜನ ಬಳಸುವ ಒಂದು ಉಚಿತ ಆ್ಯಪ್. ಹೆಸರು ಬೇಡ. ಇಲ್ಲಿ ಹೇಳುವುದು ಆ ಬಗೆಯ ಆ್ಯಪ್‌ಗಳಿಗೆಲ್ಲ ಹೆಚ್ಚುಕಡಿಮೆ ಹೊಂದುತ್ತದೆ. ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ, ನೈಟ್ ಡ್ಯೂಟಿಯ ಎರಡು ಗಂಟೆಯ ಜೋಂಪಿನಲ್ಲಿ ಕೂಡ ಆಕೆ ಪಾಠ ಬಿಡಲಿಲ್ಲ. ಒಂದು ವರ್ಷ ದಾಟುವಷ್ಟರಲ್ಲಿ ಕೋರ್ಸಿನ ಕೊನೆಯ ಭಾಗಕ್ಕೆ ಬಂದಿದ್ದಳು. ಅಂಕಗಳಿಗಾಗಿ ಕಲಿಯುವವರ ನಡುವೆ ನಡೆಯುವ ವಾರದ ಪೈಪೋಟಿಯಾದ ಲೀಗಿನಲ್ಲಿ ಮೇಲಿನ ಸಾಲು, ಒಂದು ದಿನವೂ ಪಾಠ ತಪ್ಪದ, ಮುರಿಯದ ದಿನಸರಣಿ. ತಾನು ಬಿ1 ಹತ್ತಿರ ಇದ್ದೇನೆ ಎಂದೇ ಆಕೆ ನಂಬಿದ್ದಳು. ಆ್ಯಪ್ ತೋರಿಸುತ್ತಿದ್ದದ್ದೂ ಅದನ್ನೇ.

ಆ ವರ್ಷ ವ್ಯರ್ಥವಾಯಿತು ಎಂದು ನಾನು ಹೇಳುವುದಿಲ್ಲ. ಸಾವಿರಾರು ಪದಗಳ ಗುರುತು ಸಿಕ್ಕಿತ್ತು, ಓದು ಸರಾಗವಾಗಿತ್ತು, ಜರ್ಮನ್ ಕಿವಿಗೆ ಬಿದ್ದರೆ ಗಾಬರಿಯಾಗುತ್ತಿರಲಿಲ್ಲ. ಆದರೆ ಆಕೆ ದಿನವೂ ಮಾಡುತ್ತಿದ್ದ ಕೆಲಸ ಏನೆಂದು ನೋಡಿ. ಇಂಗ್ಲಿಷಿನಲ್ಲಿ ಒಂದು ವಾಕ್ಯ, ಕೆಳಗೆ ಜರ್ಮನ್ ಪದಗಳ ಬಿಲ್ಲೆಗಳು, ಒಂದೊಂದನ್ನೇ ಒತ್ತಿ ಸಾಲಾಗಿ ಕೂರಿಸುವುದು. ‘ಈಗ ನಿಮ್ಮ ರಕ್ತ ತೆಗೆಯುತ್ತೇನೆ’ ಎನ್ನಲು ಜರ್ಮನ್ನರು ‘ಇಷ್ ನೇಮೆ ಈನೆನ್ ಯೆಟ್ಸ್ಟ್ ಬ್ಲೂಟ್ ಆಪ್’ ಎನ್ನುತ್ತಾರೆ. ಕ್ರಿಯಾಪದ ಇಲ್ಲಿ ಎರಡು ತುಂಡಾಗಿದೆ. ‘ನೇಮೆ’ ಎರಡನೆಯ ಜಾಗದಲ್ಲಿ, ‘ಆಪ್’ ವಾಕ್ಯದ ತುತ್ತತುದಿಯಲ್ಲಿ. ಇಂಥ ವಾಕ್ಯ ಬಂದಾಗ ಬಿಲ್ಲೆಗಳ ನಡುವೆ ‘ಆಪ್’ ತಾನೇ ಕಣ್ಣಿಗೆ ಬೀಳುತ್ತದೆ. ಉಳಿದ ಪದಗಳೆಲ್ಲ ಕೂತ ಮೇಲೆ ಅದೊಂದೇ ಮಿಕ್ಕಿರುತ್ತದೆ, ಒತ್ತಿದರೆ ಸರಿಯುತ್ತರ. ಅದನ್ನು ನೆನಪಿನಿಂದ ಎಳೆದು ತರುವ ಪ್ರಮೇಯವೇ ಬರುವುದಿಲ್ಲ.

ಜರ್ಮನಿಯ ಆಸ್ಪತ್ರೆಯೊಂದರವರು ವಿಡಿಯೊ ಕಾಲ್‌ನಲ್ಲಿ ಇಂಟರ್‌ವ್ಯೂ ಮಾಡಿದಾಗ ಬಣ್ಣ ಬಯಲಾಯಿತು. ನಿಮ್ಮ ವಾರ್ಡಿನ ಬಗ್ಗೆ ಹೇಳಿ ಎಂದು ಆ ಕಡೆಯವರು ನಿಧಾನವಾಗಿ, ಸ್ಪಷ್ಟವಾಗಿ ಕೇಳಿದರು. ಸುಮಾ ತನ್ನ ಹೆಸರು, ಕೆಲಸ ಹೇಳಿದಳು. ಮೂರನೆಯ ವಾಕ್ಯ ಹೊರಡಲಿಲ್ಲ. ಸ್ವಲ್ಪ ಹೊತ್ತು ಕಾದು ಅವರು ಇಂಗ್ಲಿಷಿಗೆ ಹೊರಳಿದರು. ಬಿ1 ಪ್ರಮಾಣಪತ್ರ ಬಂದ ಮೇಲೆ ಮತ್ತೆ ಸಂಪರ್ಕಿಸಿ ಎಂದು ಮರುದಿನ ಮೇಲ್ ಬಂತು. ‘ಪ್ರಶ್ನೆ ಅರ್ಥವಾಗದೆ ಸುಮ್ಮನಿದ್ದಿದ್ದರೆ ಬೇಜಾರಿರಲಿಲ್ಲ ಮೇಡಂ. ಪೂರ್ತಿ ಅರ್ಥವಾಗಿತ್ತು’ ಎಂದು ಆಮೇಲೊಮ್ಮೆ ನನ್ನೊಡನೆ ಹೇಳಿದಳು. ಇಡೀ ಪ್ರಕರಣದ ರೋಗಲಕ್ಷಣ ಆ ಒಂದು ಮಾತಿನಲ್ಲೇ ಇತ್ತು, ಆದರೆ ಆಗ ಆಕೆ ಅದನ್ನು ಬೇರೆ ಥರ ಓದಿಕೊಂಡಳು.

ಎರಡನೆಯ ಹಂತ: ಕಾರ್ಡುಗಳ ಗುಡ್ಡ

ಮಾತು ಬರಲಿಲ್ಲವೆಂದರೆ ಪದಗಳು ಸಾಲದು, ಇನ್ನಷ್ಟು ಪದ ಕಲಿಯಬೇಕು: ಸುಮಾ ಕಟ್ಟಿದ ತರ್ಕ ಇದು. ನೋಡಲು ಸರಿಯೆನಿಸುವ ತರ್ಕವೇ. ಯಾರೋ ಆ್ಯಂಕಿಯ ಹೆಸರು ಹೇಳಿದರು. ಗೊತ್ತಿಲ್ಲದವರಿಗೆ ಎರಡು ಮಾತು: 2006ರಲ್ಲಿ ಡೇಮಿಯನ್ ಎಲ್ಮ್ಸ್ ಹೊರತಂದ ಫ್ಲ್ಯಾಶ್‌ಕಾರ್ಡ್ ತಂತ್ರಾಂಶ ಅದು. ಕಾರ್ಡಿನ ಮುಂಬದಿ ನೋಡಿ ಉತ್ತರ ನೆನಪಿಸಿಕೊಂಡು ಹಿಂಬದಿ ತೆರೆಯಬೇಕು, ನೆನಪು ಎಷ್ಟು ಸಲೀಸಾಗಿ ಬಂತು ಎಂದು ಬಟನ್ ಒತ್ತಬೇಕು. ಸರಿಯಾಗಿ ನೆನಪಾದ ಕಾರ್ಡು ಕೆಲವು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು, ತಿಂಗಳು ಬಿಟ್ಟು ಬರುತ್ತದೆ. ಮರೆತದ್ದು ಬೇಗ ತಿರುಗಿ ಬರುತ್ತದೆ. ಪೋಲೆಂಡಿನ ಪ್ಯೋತ್ರ್ ವೊಜ್ನ್ಯಾಕ್ 1980ರ ದಶಕದಲ್ಲಿ ರೂಪಿಸಿದ ಲೆಕ್ಕಾಚಾರವೇ ಅದರ ಮೊದಲ ತಳಪಾಯ. ಆಂಡ್ರಾಯ್ಡ್ ಫೋನಿನಲ್ಲಿ ಅದು ಪುಕ್ಕಟೆ.

ಸುಮಾ ಯಾರೋ ಮಾಡಿ ಹಂಚಿದ ಹಲವು ಸಾವಿರ ಪದಗಳ ಕಟ್ಟೊಂದನ್ನು ಇಳಿಸಿಕೊಂಡಳು. ದಿನಕ್ಕೆ 20 ಹೊಸ ಕಾರ್ಡು ಎಂಬುದು ತಂತ್ರಾಂಶ ತಾನಾಗಿ ಇಟ್ಟುಕೊಂಡು ಬರುವ ಮಿತಿ, ಆಕೆ ಅದನ್ನೂ ಏರಿಸಿದಳು. ಮೊದಲ ಎರಡು ವಾರ ಸುಖವಾಗಿ ಹೋಯಿತು. ಹೊಸ ಕಾರ್ಡು ಇವತ್ತಿಗೆ ಮುಗಿಯುವುದಿಲ್ಲವಲ್ಲ, ಪ್ರತಿಯೊಂದೂ ಮುಂದಿನ ಹತ್ತಾರು ದಿನಗಳ ಮೇಲೆ ಸಾಲ ಬರೆದಿಟ್ಟು ಹೋಗುತ್ತದೆ. ದಿನದ ಪುನರಾವರ್ತನೆ ನೂರು ದಾಟಿತು, ಇನ್ನೂರು ದಾಟಿತು. ಅಷ್ಟರಲ್ಲಿ ನೈಟ್ ಡ್ಯೂಟಿಯ ವಾರ ಬಂತು, ಎರಡು ದಿನ ಮುಟ್ಟಲಾಗಲಿಲ್ಲ. ಮೂರನೆಯ ದಿನ ತೆರೆದರೆ ಗುಡ್ಡ. ಗುಡ್ಡ ಕರಗಿಸಲು ಆಕೆ ಕಾರ್ಡುಗಳನ್ನು ಸರಸರ ಒತ್ತತೊಡಗಿದಳು, ಉತ್ತರ ಬಾಯಿಗೆ ಬರುವ ಮುಂಚೆಯೇ ಹಿಂಬದಿ ತೆರೆದು ‘ಹೌದು, ಗೊತ್ತಿತ್ತು’ ಎಂದುಕೊಂಡು. ಹಾಗೆ ಒತ್ತಿದ ಕಾರ್ಡು ದೂರದ ತಾರೀಖಿಗೆ ಹೋಗುತ್ತದೆ, ಬರುವಾಗ ಪೂರ್ತಿ ಮರೆತಿರುತ್ತದೆ. ಇನ್ನೊಂದು ತಿಂಗಳಲ್ಲಿ ಆಕೆ ಆ್ಯಂಕಿ ತೆರೆಯುವುದನ್ನೇ ಬಿಟ್ಟಳು. ಜರ್ಮನಿಯ ಆಸೆಯನ್ನೂ ಬಿಡುವ ಹಂತದಲ್ಲಿದ್ದಳು.

ಕಾರ್ಡುಗಳೂ ಎಂಥವು! ಒಂದು ಬದಿ ಜರ್ಮನ್ ಪದ, ಇನ್ನೊಂದು ಬದಿ ಇಂಗ್ಲಿಷ್ ಅರ್ಥ. ಹುಣ್ಣಿಗೆ, ಡ್ರಿಪ್ಪಿಗೆ, ಬೆಡ್‌ಪ್ಯಾನಿಗೆ ಜರ್ಮನ್ನಿನಲ್ಲಿ ಏನೆನ್ನುತ್ತಾರೆ ಎಂದು ಸರ್ಜರಿ ವಾರ್ಡಿನ ಈ ನರ್ಸ್‌ಗೆ ಇನ್ನೂ ಗೊತ್ತಿರಲಿಲ್ಲ. ಸಚಿವಸಂಪುಟ, ತೆರಿಗೆ ವಿನಾಯಿತಿ ಮಾತ್ರ ಗೊತ್ತಿತ್ತು.

ತಪಾಸಣೆ

ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ಸುಮಾ ನಮ್ಮ ಭಾನುವಾರದ ಗುಂಪಿಗೆ ಬಂದಳು. ಯಾವ ಮಟ್ಟದಲ್ಲಿದ್ದೀರಿ ಎಂದು ಕೇಳದೆ ನಾಲ್ಕು ಸಣ್ಣ ಕೆಲಸ ಕೊಟ್ಟೆ. ಬಿ1ರ ಮಾದರಿ ಪತ್ರಿಕೆಯ ಒಂದು ಪುಟವನ್ನು ಓದಿ ಸಾರಾಂಶವನ್ನು ಕನ್ನಡದಲ್ಲಿ ಹೇಳಿದಳು, ಚೆನ್ನಾಗಿತ್ತು. ನಿನ್ನೆಯ ಡ್ಯೂಟಿಯ ಬಗ್ಗೆ ಮೂರು ನಿಮಿಷ ಮಾತಾಡಿ ಎಂದರೆ ಎರಡು ವಾಕ್ಯಕ್ಕೆ ನಿಂತಳು. ಇಂಗ್ಲಿಷ್ ವಾಕ್ಯವನ್ನು ಕೊಟ್ಟು ಜರ್ಮನ್ನಿನಲ್ಲಿ ಹೇಳಿ ಎಂದಾಗ ಪದಗಳೆಲ್ಲ ಬಂದವು, ಕ್ರಿಯಾಪದದ ಬಾಲ ಬರಲಿಲ್ಲ. ರಕ್ತ ತೆಗೆಯುವ ವಾಕ್ಯವನ್ನು ‘ಆಪ್’ ಇಲ್ಲದೆಯೇ ಮುಗಿಸಿದಳು. ಅದಿಲ್ಲದಿದ್ದರೆ ವಾಕ್ಯ ಕುಂಟುತ್ತದೆ.

ನಾಲ್ಕನೆಯದು ಅಂಕೆಗಳು. ನಾನು ಜರ್ಮನ್ನಿನಲ್ಲಿ ಓದುತ್ತ ಹೋದೆ, ಆಕೆ ಕೇಸ್ ಶೀಟಿನಲ್ಲಿ ಬರೆದುಕೊಳ್ಳುವಂತೆ ಬರೆಯುತ್ತ ಹೋದಳು. ನಾವು ‘ಮೂವತ್ತಾರು’ ಎನ್ನುವಲ್ಲಿ ಅವರು ‘ಝೆಕ್ಸ್ ಉಂಟ್ ಡ್ರೈಸಿಶ್’, ಅಂದರೆ ಆರು ಮತ್ತು ಮೂವತ್ತು ಎನ್ನುತ್ತಾರೆ. ಬಿಡಿ ಮೊದಲು, ಹತ್ತು ಆಮೇಲೆ. ಕೇಳಿದ ಕ್ರಮದಲ್ಲೇ ಬರೆದರೆ 36 ಹೋಗಿ 63 ಆಗುತ್ತದೆ. ಸುಮಾಳ ಹಾಳೆಯಲ್ಲಿ ಹಲವು ಅಂಕೆ ತಿರುಗುಮುರುಗಾಗಿದ್ದವು. ನಾಡಿಬಡಿತ, ಬಿ.ಪಿ., ಔಷಧದ ಪ್ರಮಾಣ ಇವುಗಳಲ್ಲೇ ದಿನ ಕಳೆಯುವ ಕೆಲಸದಲ್ಲಿ ಇದು ತಮಾಷೆಯಲ್ಲ. ಹಾಳೆ ನೋಡಿ ಆಕೆಯ ಮುಖ ಬಿಳಿಚಿತು. ಆ್ಯಪಿನಲ್ಲಿ ಅಂಕೆಯ ಪಾಠ ಬಂದು ಹೋಗಿತ್ತು, ಎಲ್ಲದಕ್ಕೂ ಪೂರ್ತಿ ಅಂಕವೂ ಸಿಕ್ಕಿತ್ತು. ಆದರೆ ಅಲ್ಲಿ ಆಯ್ಕೆಗಳು ತೆರೆಯ ಮೇಲಿದ್ದವು, ಎಷ್ಟು ಸಲ ಬೇಕಾದರೂ ಕೇಳಬಹುದಿತ್ತು.

ಪದಗಳ ಕೊರತೆ ಇದಲ್ಲ ಎಂಬುದು ಈಗ ಆಕೆಗೂ ಕಂಡಿತು. ತಂತ್ರಾಂಶಗಳೆರಡೂ ಆಕೆಯಿಂದ ಗುರುತು ಹಿಡಿಸಿದ್ದವು, ಆಡಿಸಿರಲಿಲ್ಲ. ಇದು ಫೋನಿನ ಕಾಲದ ರೋಗವೇನೂ ಅಲ್ಲ. ಕೆನಡಾದಲ್ಲಿ ಶಾಲೆಯ ಪಾಠಗಳನ್ನೇ ಫ್ರೆಂಚಿನಲ್ಲಿ ಕಲಿತ ಮಕ್ಕಳು ವರ್ಷಗಟ್ಟಲೆ ಆ ಭಾಷೆ ಕೇಳಿ ಚೆನ್ನಾಗಿ ಅರ್ಥ ಮಾಡಿಕೊಂಡರೂ ಮಾತು, ಬರಹದಲ್ಲಿ ತಪ್ಪುತ್ತಿದ್ದುದನ್ನು ಮೆರಿಲ್ ಸ್ವೇನ್ ಎಂಬ ಭಾಷಾವಿದ್ವಾಂಸೆ 1985ರಲ್ಲೇ ಗುರುತಿಸಿದ್ದರು. ಕೇಳಿಸಿಕೊಳ್ಳುವಾಗ ವ್ಯಾಕರಣವನ್ನು ಹಾರಿಸಿಕೊಂಡು ಅರ್ಥಕ್ಕೆ ಹೋಗಬಹುದು, ಆಡುವಾಗ ಹಾರಿಸಲಾಗುವುದಿಲ್ಲ.

ಮೂರನೆಯ ಹಂತ: ಸಾಧನ ಅದೇ, ಕೇಳುವ ಪ್ರಶ್ನೆ ಬೇರೆ

ಮೊದಲ ತೀರ್ಮಾನವೇ ಜಗಳದ್ದಾಯಿತು. ಆ ಸಾವಿರಾರು ಪದಗಳ ಕಟ್ಟನ್ನು ಅಳಿಸಿಬಿಡಿ ಎಂದೆ. ಸುಮಾ ಸುತರಾಂ ಒಪ್ಪಲಿಲ್ಲ. ‘ಅಷ್ಟು ತಿಂಗಳ ಶ್ರಮ ಮೇಡಂ, ಹೇಗೆ ಅಳಿಸಲಿ?’ ಕೊನೆಗೆ ರಾಜಿಯಾಯಿತು: ಕಟ್ಟು ಫೋನಿನಲ್ಲೇ ಇರಲಿ, ಆದರೆ ಎಲ್ಲ ಕಾರ್ಡೂ ಅಮಾನತು. ಕೆಲಸಕ್ಕೆ ಬೇಕಾದ ಪದ ಎದುರಾದರೆ ಅದೊಂದನ್ನು ಮಾತ್ರ ಎಬ್ಬಿಸುವುದು. ಆ ಅಮಾನತಿನಿಂದ ಹೊರಬಂದ ಕಾರ್ಡುಗಳು ಬಹಳ ಕಡಿಮೆ ಎಂದು ಮುಂದೆ ಆಕೆಯೇ ನಕ್ಕಳು. ಹೊಸ ಕಾರ್ಡಿನ ಮಿತಿ ದಿನಕ್ಕೆ ಐದು, ನೈಟ್ ಡ್ಯೂಟಿಯ ವಾರದಲ್ಲಿ ಸೊನ್ನೆ. ಇಡೀ ಯೋಜನೆಯಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಈ ‘ಸೊನ್ನೆ’ ಎಂದು ನನ್ನ ಎಣಿಕೆ. ಪುನರಾವರ್ತನೆ ಮಾತ್ರ ಉಳಿದುದರಿಂದ ಗುಡ್ಡ ಮತ್ತೆ ಬೆಳೆಯಲಿಲ್ಲ.

ಎರಡನೆಯದು, ಹೊಸ ಕಾರ್ಡುಗಳನ್ನು ಆಕೆಯೇ ಬರೆಯಬೇಕು, ಮುಂಬದಿ ಕನ್ನಡದಲ್ಲಿ, ಒಂಟಿ ಪದಕ್ಕೆ ಬದಲಾಗಿ ಒಂದು ಸಂದರ್ಭ. ಆಕೆಯ ಮೊದಲ ಕಾರ್ಡುಗಳಲ್ಲೊಂದು ಹೀಗಿತ್ತು: ‘ವಾರ್ಡಿನ ಅಜ್ಜ ಸೂಜಿ ನೋಡಿ ಹೆದರಿದ್ದಾರೆ. ಈಗ ರಕ್ತ ತೆಗೆಯುತ್ತೇನೆ, ಚೂರು ಚುಚ್ಚುತ್ತದೆ ಅಂತ ಹೇಳು.’ ಹಿಂಬದಿಯಲ್ಲಿ ಆ ‘ಆಪ್’ ಇರುವ ವಾಕ್ಯ, ಅದರ ಹಿಂದೆ ‘ಎಸ್ ಪೀಕ್ಸ್ಟ್ ಐನ್ ಬಿಸ್‌ಶೆನ್’. ತಿರುಗಿಸುವ ಮುಂಚೆ ಗಟ್ಟಿಯಾಗಿ, ಪೂರ್ತಿಯಾಗಿ ಹೇಳಬೇಕು. ಬಾಲ ಬಿಟ್ಟುಹೋದರೂ ಮರೆತೆ ಎನ್ನುವ ‘ಅಗೇನ್’ ಬಟನ್ನೇ, ದಯೆ ದಾಕ್ಷಿಣ್ಯ ಇಲ್ಲ. ಪಿ.ಜಿ.ಯ ರೂಮ್‌ಮೇಟ್ ಕಾಟ ತಾಳಲಾರದೆ ಇಯರ್‌ಫೋನ್ ಹಾಕಿಕೊಳ್ಳತೊಡಗಿದಳಂತೆ.

ಕನ್ನಡ ಯಾಕೆ ಎಂದು ಗುಂಪಿನಲ್ಲಿ ಚರ್ಚೆಯಾಯಿತು. ಆಕೆ ಬಳಸಿದ ಆ್ಯಪಿನಲ್ಲಿ ಕನ್ನಡದ ಮೂಲಕ ಜರ್ಮನ್ ಕಲಿಯುವ ಕೋರ್ಸಿರಲಿಲ್ಲ. ಇಂಗ್ಲಿಷ್ ವಾಕ್ಯದ ಅಚ್ಚಿನಲ್ಲೇ ಜರ್ಮನ್ ಹುಯ್ಯುವುದು ಆಕೆಗೆ ಅಭ್ಯಾಸವಾಗಿತ್ತು. ‘ರೋಗಿಗೆ ನೋವಿದೆಯಾದ್ದರಿಂದ’ ಎಂಬ ಉಪವಾಕ್ಯದಲ್ಲಿ ಜರ್ಮನ್ ಕ್ರಿಯಾಪದ ಕೊನೆಗೆ ಹೋಗುತ್ತದೆ: ‘ವೈಲ್ ಡೇರ್ ಪಾಟ್ಸಿಯೆಂಟ್ ಶ್ಮೆರ್ಟ್ಸೆನ್ ಹಾಟ್’. ಇಂಗ್ಲಿಷಿನಲ್ಲಿ ಯೋಚಿಸಿದಾಗ ಆಕೆ ‘ಹಾಟ್’ ಅನ್ನು ನಡುವೆ ತುರುಕುತ್ತಿದ್ದಳು. ಕನ್ನಡದಿಂದ ಹೊರಟಾಗ ಕ್ರಿಯಾಪದ ತಾನಾಗಿ ಕೊನೆಯಲ್ಲಿ ಬಂದು ಕೂತಿತು, ನಮ್ಮಲ್ಲಿ ಅದರ ಜಾಗವೇ ಅಲ್ಲಿ. ‘ನನಗೆ ಚಳಿಯಾಗುತ್ತಿದೆ’ ಎಂಬುದೂ ಜರ್ಮನ್ನಿನಲ್ಲಿ ಚತುರ್ಥಿಯಲ್ಲೇ ಬರುತ್ತದೆ, ‘ಮಿಯರ್ ಇಸ್ಟ್ ಕಾಲ್ಟ್’. ಆದರೆ ಈ ಉಪಕಾರ ಎಲ್ಲ ಕಡೆ ಸಿಗುವುದಿಲ್ಲ. ಅದೇ ಭರದಲ್ಲಿ ‘ನನಗೆ ಹಸಿವು’ ಎಂಬುದನ್ನೂ ‘ಮಿಯರ್’ ಹಾಕಿ ಹೇಳಿ ನಗೆಪಾಟಲಾದಳು. ಅಲ್ಲಿ ‘ಇಷ್ ಹಾಬೆ ಹುಂಗರ್’ ಎನ್ನಬೇಕು. ವಾಕ್ಯ ‘ಇವತ್ತು’ ಎಂದು ಶುರುವಾದರೆ ಕರ್ತೃವನ್ನು ಹಿಂದೆ ತಳ್ಳಿ ಕ್ರಿಯಾಪದವನ್ನು ಎರಡನೆಯ ಜಾಗದಲ್ಲಿ ನಿಲ್ಲಿಸುವ ನಿಯಮ ಕನ್ನಡದಲ್ಲೂ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಅದನ್ನು ಬಾಯಿಪಾಠದಿಂದಲೇ ಗೆಲ್ಲಬೇಕಾಯಿತು.

ಲಿಂಗದ ಗೋಳು ಬೇರೆ. ಕನ್ನಡದಲ್ಲಿ ಕೈಕಾಲು ಎಲ್ಲ ನಪುಂಸಕ, ತಲೆಕೆಡಿಸಿಕೊಳ್ಳುವುದಿಲ್ಲ. ಜರ್ಮನ್ನಿನಲ್ಲಿ ತೋಳು ಪುಲ್ಲಿಂಗ, ಕೈ ಸ್ತ್ರೀಲಿಂಗ, ಕಾಲು ನಪುಂಸಕ: ‘ಡೇರ್ ಆರ್ಮ್, ಡೀ ಹಾಂಟ್, ಡಾಸ್ ಬೈನ್’. ಸುಮಾ ಇದಕ್ಕೆ ಕಾರ್ಡು ಮಾಡಲಿಲ್ಲ. ಸ್ನಾನ ಮಾಡುವಾಗ ತಲೆಯಿಂದ ಪಾದದವರೆಗೆ ಒಂದೊಂದೇ ಅಂಗ ಮುಟ್ಟಿಕೊಂಡು ಹೇಳಿಕೊಳ್ಳುತ್ತಿದ್ದಳಂತೆ. ಯಾರೂ ಹೇಳಿಕೊಟ್ಟದ್ದಲ್ಲ. ಯಾವುದಕ್ಕೆ ತಂತ್ರಾಂಶ ಬೇಡ ಎಂದು ಆಕೆ ತಾನೇ ಆರಿಸಲು ತೊಡಗಿದ್ದು ನನಗೆ ಒಳ್ಳೆಯ ಲಕ್ಷಣವಾಗಿ ಕಂಡಿತು.

ಕಾರ್ಡಿನ ವಾಕ್ಯ ಸರಿಯಿದೆಯೇ ಎಂದು ನೋಡುವವರು ಯಾರು? ಮೊದಮೊದಲು ಅನುವಾದ ತಂತ್ರಾಂಶಕ್ಕೆ ಕೊಟ್ಟು ಬಂದದ್ದನ್ನು ಹಾಗೇ ಹಾಕಿದಳು. ವ್ಯಾಕರಣ ತಪ್ಪಿರಲಿಲ್ಲ, ಆದರೆ ಕೆಲವು ವಾಕ್ಯ ಯಾವ ವಾರ್ಡಿನಲ್ಲೂ ಯಾರೂ ಆಡದಂಥವು. ಜರ್ಮನಿಯಲ್ಲಿದ್ದ ಗೆಳತಿ ಇಲ್ಲಿ ನೆರವಿಗೆ ಬಂದಳು. ವಾರಕ್ಕೊಮ್ಮೆ ಸುಮಾ ವಾಕ್ಯಗಳ ಪಟ್ಟಿ ಕಳಿಸುವುದು, ಆಕೆ ‘ಹೀಗನ್ನಲ್ಲ ಕಣೇ, ಹೀಗಂತಾರೆ’ ಎಂದು ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಕಳಿಸುವುದು. ಆ ಧ್ವನಿಯ ಜರ್ಮನ್ ಭಾಗವನ್ನೇ ಕತ್ತರಿಸಿ ಕಾರ್ಡಿಗೆ ಅಂಟಿಸಿಕೊಂಡಳು.

ಇನ್ನೊಂದು ಅಭ್ಯಾಸ ಡ್ಯೂಟಿಯ ಕೊನೆಯ ಹ್ಯಾಂಡೋವರ್‌ನಿಂದ ಹುಟ್ಟಿತು. ಮುಂದಿನ ಶಿಫ್ಟಿನವರಿಗೆ ರೋಗಿಗಳ ಸ್ಥಿತಿ ಒಪ್ಪಿಸುವ ಈ ಕೆಲಸಕ್ಕೆ ಜರ್ಮನ್ ವಾರ್ಡುಗಳಲ್ಲಿ ‘ಊಬರ್‌ಗಾಬೆ’ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಕನ್ನಡ, ಇಂಗ್ಲಿಷ್ ಬೆರೆಸಿ ಹೇಳಿ ಬಂದದ್ದನ್ನು ಪಿ.ಜಿ.ಗೆ ನಡೆಯುವ ದಾರಿಯಲ್ಲಿ ಜರ್ಮನ್ನಿನಲ್ಲಿ ಮತ್ತೊಮ್ಮೆ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡುವುದು. ಒಂದು ಕಟ್ಟುನಿಟ್ಟು ಹಾಕಿಕೊಂಡಿದ್ದೆವು: ಹೆಸರಿಲ್ಲ, ಬೆಡ್ ನಂಬರಿಲ್ಲ, ವಯಸ್ಸೂ ಕಾಯಿಲೆಯೂ ಬದಲಿಸಿದ್ದು. ತೊದಲಿದ ಜಾಗವೇ ಮರುದಿನದ ಹೊಸ ಕಾರ್ಡು. ಐದು ಕಾರ್ಡು ಎಲ್ಲಿಂದ ತರಲಿ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಮೊದಲ ರೆಕಾರ್ಡಿಂಗುಗಳಲ್ಲಿ ಮಾತಿಗಿಂತ ಆಟೋಗಳ ಹಾರ್ನೇ ಹೆಚ್ಚು. ನಾಲ್ಕನೆಯ ತಿಂಗಳ ಹೊತ್ತಿಗೆ ಮೂರು ನಿಮಿಷ ನಿಲ್ಲದೆ ಆಡುತ್ತಿದ್ದಳು, ತಪ್ಪುಗಳ ಸಮೇತ.

ಹಳೆಯ ಆ್ಯಪನ್ನು ಬಿಡಿಸಬೇಕೆಂದು ಗುಂಪಿನಲ್ಲಿ ಕೆಲವರು ಹಟ ಹಿಡಿದರು. ನನಗೆ ಹಾಗನಿಸಲಿಲ್ಲ. ನೈಟ್ ಡ್ಯೂಟಿಯ ನಡುರಾತ್ರಿ ಮಿದುಳು ಸೋತಿರುವಾಗ ವಾಕ್ಯ ಕಟ್ಟುವುದು ಆಗದ ಮಾತು, ಬಿಲ್ಲೆ ಒತ್ತುವುದು ಆಗುತ್ತದೆ. ದಿನಸರಣಿ ಮುರಿಯದೆ ಇಟ್ಟುಕೊಳ್ಳುವ ಖುಷಿ ಆಕೆಗಿದ್ದರೆ ಇರಲಿ, ಅದನ್ನು ಕಲಿಕೆಯ ಅಳತೆಯೆಂದು ನಂಬದಿದ್ದರೆ ಸಾಕು.

ಪರೀಕ್ಷೆಗಳು

ದುಡ್ಡು ಉಳಿಸಲು ಬಿ1 ಹಾರಿಸಿ ನೇರ ಬಿ2 ಕಟ್ಟುತ್ತೇನೆ ಎಂದು ಸುಮಾ ಹೊರಟಿದ್ದಳು. ಬೇಡ ಎಂದೆ. ಗಯಟೆ ಪರೀಕ್ಷೆಯಲ್ಲಿ ಮಾತಿನ ಭಾಗ ಸಾಮಾನ್ಯವಾಗಿ ಇನ್ನೊಬ್ಬ ಅಭ್ಯರ್ಥಿಯ ಜೊತೆ ನಡೆಯುತ್ತದೆ. ಅಪರಿಚಿತರ ಎದುರು, ಪರೀಕ್ಷಕರ ಕಣ್ಣ ಮುಂದೆ ಬಾಯಿ ತೆರೆದು ಒಮ್ಮೆ ಗೆಲ್ಲುವುದು ಆ ವಿಡಿಯೊ ಇಂಟರ್‌ವ್ಯೂ ಬಿಟ್ಟುಹೋಗಿದ್ದ ಹೆದರಿಕೆಗೆ ಬೇಕಿದ್ದ ಮದ್ದು. ಬಿ1 ದಾಟಿದಳು. ನಾಲ್ಕೂ ಭಾಗಗಳಲ್ಲಿ ತೇರ್ಗಡೆ, ಮಾತಿನಲ್ಲಿ ನಾವು ಎಣಿಸಿದ್ದಕ್ಕಿಂತ ಹೆಚ್ಚು.

ಬಿ2ರಲ್ಲಿ ಓದು 65 ನಿಮಿಷ, ಕೇಳುವಿಕೆ ಸುಮಾರು 40, ಬರಹ 75, ಮಾತು ಸುಮಾರು 15. ಪ್ರತಿ ಭಾಗಕ್ಕೂ 100 ಅಂಕ, 60 ಬಂದರೆ ಪಾಸು. ಒಂದರಲ್ಲಿ ಹೋದರೆ ಅದೊಂದನ್ನೇ ಮತ್ತೆ ಕಟ್ಟಬಹುದು. ಎಲ್ಲರ ಕಣ್ಣು ಮಾತಿನ ಮೇಲಿತ್ತು. ಫಲಿತಾಂಶ ಬಂದಾಗ ಮಾತು ಪಾಸು, ಬರಹ ಪಾಸು, ಓದು ಸಲೀಸು, ಕೇಳುವಿಕೆ ಫೇಲು.

ಕಾರಣ ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಸುಮಾ ಅಷ್ಟು ತಿಂಗಳು ಕೇಳಿದ ಜರ್ಮನ್ ಮೂರು ಬಗೆಯದು: ಯಂತ್ರದ ಧ್ವನಿ, ಜರ್ಮನ್ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆ ನಿಧಾನಕ್ಕೆ ಓದುವ ಸುದ್ದಿ, ಮತ್ತೆ ನಮ್ಮಂಥ ಭಾರತೀಯರ ಉಚ್ಚಾರ. ಗೆಳತಿಯ ಧ್ವನಿಯೂ ಕೊನೆಗೆ ಕನ್ನಡತಿಯದೇ. ಪರೀಕ್ಷೆಯಲ್ಲಿ ಜರ್ಮನ್ನರು ತಮ್ಮ ವೇಗದಲ್ಲಿ, ಪದದ ಕೊನೆ ನುಂಗಿ ಮಾತಾಡಿದರು. ಕೆಲವು ಭಾಗ ಒಂದೇ ಸಲ ಕೇಳಿಸುತ್ತಾರೆ. ಕಿವಿ ಹಿಂದಿನ ವಾಕ್ಯದಲ್ಲೇ ಸಿಕ್ಕಿಕೊಂಡಿತು. ಬಾಯಿಯ ರೋಗಕ್ಕೆ ಮದ್ದು ಕೊಡುವಾಗ ಕಿವಿ ಹೇಗೂ ಸರಿಯಿದೆಯಲ್ಲ ಎಂದುಕೊಂಡದ್ದರ ಫಲ ಇದು.

ಈ ಸಲ ಆಕೆ ಗಾಬರಿಗೊಂಡು ಎಲ್ಲವನ್ನೂ ಬದಲಿಸಲಿಲ್ಲ. ಪ್ರಕರಣದ ನಿಜವಾದ ತಿರುವು ಇದೇ ಎಂದು ನಾನು ನಂಬುತ್ತೇನೆ. ಮೊದಲ ಸೋಲಿಗೆ ಆಕೆ ಕೊಟ್ಟ ಉತ್ತರ ಸಾವಿರಾರು ಕಾರ್ಡು. ಈ ಸೋಲಿಗೆ ಕೊಟ್ಟದ್ದು ಒಂದೇ ಬದಲಾವಣೆ: ರೆಕಾರ್ಡಿಂಗ್, ಕಾರ್ಡು ಹಾಗೇ ಉಳಿಸಿಕೊಂಡು ನಿಧಾನದ ಸುದ್ದಿ ಬಿಟ್ಟು ಸಹಜ ವೇಗದ ರೇಡಿಯೊ ಸಂದರ್ಶನಗಳಿಗೆ ಹೋದಳು. ಎರಡು ನಿಮಿಷದ ತುಣುಕು, ಮೊದಲು ಬರಹ ನೋಡದೆ ಕೇಳಿ ಕೇಳಿಸಿದ್ದನ್ನು ಬರೆಯುವುದು, ಆಮೇಲೆ ಬರಹದೊಡನೆ ಹೋಲಿಸುವುದು. ಎಲ್ಲಿ ಜಾರಿತು ಎಂದು ಕೆಂಪು ಗೆರೆ. ಅಂಕೆ, ತಾರೀಖು ಬಂದ ಕಡೆಯೆಲ್ಲ ಮೊದಮೊದಲು ಕೆಂಪೇ. ಆ ಒಂದು ಭಾಗವನ್ನು ಮತ್ತೆ ಕಟ್ಟಿ ದಾಟಿದಳು.

ಅಲ್ಲಿಗೆ ಹೋದ ಮೇಲೆ

ಕೆಲಸ ಸಿಕ್ಕಿದ್ದು ನೈಋತ್ಯ ಜರ್ಮನಿಯ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದ ಒಂದು ಪಟ್ಟಣದಲ್ಲಿ. ಮಾನ್ಯತೆಯ ಪ್ರಕ್ರಿಯೆ ಮುಗಿಯುವವರೆಗೆ ಸಹಾಯಕಿಯಾಗಿ ದುಡಿದಳು, ಆಮೇಲೆ ಪೂರ್ಣ ನರ್ಸ್. ಬಿ2 ಪ್ರಮಾಣಪತ್ರ ಅಲ್ಲಿನ ಸ್ವಾಬಿಯನ್ ಆಡುಮಾತಿನ ಮುದುಕರ ಮುಂದೆ ಏನೂ ಅಲ್ಲ ಎಂದು ಮೊದಲ ವಾರದಲ್ಲೇ ಫೋನ್ ಮಾಡಿ ಗೋಳಾಡಿದಳು. ಪುಸ್ತಕದ ಜರ್ಮನ್ನಿನಲ್ಲಿ ‘ಫೂಸ್’ ಎಂದರೆ ಪಾದ. ಆ ಸೀಮೆಯ ಆಡುಮಾತಿನಲ್ಲಿ ಇಡೀ ಕಾಲಿಗೂ ಹಾಗೇ ಎನ್ನುತ್ತಾರೆ. ಅಜ್ಜಿ ಫೂಸ್ ನೋಯುತ್ತದೆ ಎಂದರೆ ಸುಮಾ ಪಾದ ನೋಡುತ್ತಾಳೆ, ನೋವಿರುವುದು ತೊಡೆಯಲ್ಲಿ. ಈಗ ಎಲ್ಲಿ ಎಂದು ಕೈಯಿಟ್ಟು ತೋರಿಸಲು ಹೇಳುತ್ತಾಳೆ.

ವಾರ್ಡಿನ ಟೆಲಿಫೋನ್ ಇನ್ನೂ ಕಷ್ಟವೇ. ಮುಖ ಕಾಣುವುದಿಲ್ಲ, ಲ್ಯಾಬಿನವರು ಅವಸರದಲ್ಲಿರುತ್ತಾರೆ. ‘ಮತ್ತೊಮ್ಮೆ ಓದಿ ಹೇಳುತ್ತೇನೆ’ ಎಂದು ಅಂಕೆಗಳನ್ನು ಒಂದೊಂದಾಗಿ ತಿರುಗಿ ಒಪ್ಪಿಸುವ ರೂಢಿ ಮಾಡಿಕೊಂಡಿದ್ದಾಳೆ. ಭಾಷೆ ಚೆನ್ನಾಗಿ ಬರುವವರೂ ಮಾಡಬೇಕಾದ ಕೆಲಸವೇ ಅದು, ಹಾಗಾಗಿ ಯಾರಿಗೂ ವಿಚಿತ್ರವೆನಿಸಿಲ್ಲ.

ಇದನ್ನು ಓದುವವರಿಗೆ ಒಂದು ಎಚ್ಚರಿಕೆ. ಸುಮಾಗೆ ಅನುಕೂಲವಾದ ಸಂಗತಿಗಳು ಎಲ್ಲರಿಗೂ ಇರುವುದಿಲ್ಲ. ಕೆಲಸದ ಒಳಗುಟ್ಟು ಆಕೆಗೆ ಗೊತ್ತಿತ್ತು, ಹೇಳಬೇಕಾದ ವಿಷಯ ದಿನವೂ ಕೈಯಲ್ಲಿತ್ತು, ಅಲ್ಲಿ ಒಬ್ಬ ಗೆಳತಿಯಿದ್ದಳು. ಊರು ನೋಡಲು ಹೋಗುವವರಿಗೆ ಬಿಲ್ಲೆ ಒತ್ತುವ ಆ್ಯಪೇ ಬೇಕಾದಷ್ಟಾಯಿತು, ಇಷ್ಟೆಲ್ಲ ಪಾಡು ಬೇಡ. ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಇದೇ ಕ್ರಮವನ್ನು ನಕಲು ಮಾಡಿ ದಿನದ ಕೊನೆಗೆ ಜರ್ಮನ್ನಿನಲ್ಲಿ ಏನು ರೆಕಾರ್ಡ್ ಮಾಡುವುದೆಂದು ತೋಚದೆ ಬಿಟ್ಟದ್ದೂ ಉಂಟು. ಅವರಿಗೆ ಕ್ರಿಕೆಟ್ ಮ್ಯಾಚಿನ ವರದಿ ಹೊಂದಿತು.

ನಮ್ಮ ಗುಂಪಿನ ಕ್ರಮ ಮಾತ್ರ ಬದಲಾಗಿದೆ. ಹೊಸಬರು ಬಂದರೆ ಮೊದಲ ದಿನವೇ ಮೂರು ನಿಮಿಷದ ಮಾತು, ಹತ್ತು ಅಂಕೆಗಳ ಬರಹ, ಅಪರಿಚಿತ ಜರ್ಮನ್ ಧ್ವನಿಯ ಎರಡು ನಿಮಿಷದ ತುಣುಕು. ಮೂರನೆಯದು ಸುಮಾ ಕೇಳುವಿಕೆಯಲ್ಲಿ ಫೇಲಾದ ಮೇಲೆ ಸೇರಿದ್ದು. ಯಾವ ಆ್ಯಪ್ ಬಳಸುತ್ತೀರಿ ಎಂಬ ವಿಚಾರಣೆ ಆಮೇಲೆ, ಚಹಾದ ಹೊತ್ತಿಗೆ.